ಜಿಂಕೆ, ಕಾಡುಹಂದಿ ಮತ್ತು ಬೇಟೆಯ ಗುಂಡು: ಗುಣ ಅಳೆಯುವುದು ಹೇಗೆ?

ಯುದ್ಧಭೂಮಿಯಲ್ಲಿ ಸೈನಿಕನ ಮೇಲೆ ಹಾರಿಸಬಾರದೆಂದು ಅಂತಾರಾಷ್ಟ್ರೀಯ ಒಪ್ಪಂದವೊಂದು ನಿಷೇಧಿಸಿರುವ ಬಗೆಯ ಗುಂಡನ್ನೇ ಜಿಂಕೆಯ ಮೇಲೆ ಹಾರಿಸಬೇಕೆಂದು ಹಲವು ದೇಶಗಳ ಕಾನೂನು ಆದೇಶಿಸುತ್ತದೆ. ಮೇಲ್ನೋಟಕ್ಕೆ ವಿಚಿತ್ರವೆನಿಸುವ ಈ ಸಂಗತಿಯ ಹಿಂದೆ ಒಂದು ತರ್ಕವಿದೆ. ಸೈನಿಕ ಗಾಯಗೊಂಡು ಬದುಕುಳಿದರೆ ಅವನಿಗೆ ಚಿಕಿತ್ಸೆ ಸಿಗುತ್ತದೆ. ಗಾಯಗೊಂಡು ತಪ್ಪಿಸಿಕೊಂಡ ಜಿಂಕೆಗೆ ಅಂತಹ ಆಸರೆಯಿಲ್ಲ. ಅದು ಪೊದೆಯೊಂದರ ಮರೆಯಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ಆದ್ದರಿಂದಲೇ ಬೇಟೆಯ ಗುಂಡಿನ ಗುಣ ನಿರ್ಧರಿಸುವ ಪ್ರಶ್ನೆ ಬೇಟೆಗಾರರ ಹರಟೆಗಷ್ಟೇ ಸೀಮಿತವಾದುದಲ್ಲ. ಪ್ರಾಣಿ ಎಷ್ಟು ಹೊತ್ತು ನೋವು ತಿನ್ನುತ್ತದೆ, ಅದರ ಮಾಂಸ ತಿನ್ನುವವರ ದೇಹಕ್ಕೆ ಏನು ಸೇರುತ್ತದೆ ಎಂಬ ಎರಡು ಪ್ರಶ್ನೆಗಳು ಅದರೊಳಗೇ ಅಡಗಿವೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನ್ವಯ ಬೇಟೆ ಅಪರಾಧ. ಇಲ್ಲಿ ವಿವರಿಸಿರುವುದು ಬೇಟೆ ಕಾನೂನುಬದ್ಧವಾಗಿರುವ ಅಮೆರಿಕ ಹಾಗೂ ಯುರೋಪಿನ ಅನುಭವ. ಆದರೆ ಬೆಳೆಗೆ ನುಗ್ಗುವ ಕಾಡುಹಂದಿಗಳನ್ನು ಗುಂಡಿಕ್ಕಿ ಕೊಲ್ಲಲು ಅನುಮತಿ ನೀಡುವ ಚರ್ಚೆ ದಕ್ಷಿಣ ಭಾರತದಲ್ಲೂ ನಡೆದಿರುವುದರಿಂದ ಈ ವಿಷಯ ನಮಗೆ ತೀರಾ ದೂರದ್ದೇನಲ್ಲ.

ಡಂ ಡಂನಿಂದ ಹೇಗ್‌ವರೆಗೆ

ಗುರಿಗೆ ತಾಗಿದೊಡನೆ ಅಣಬೆಯಂತೆ ಅರಳುವ ಗುಂಡಿನ ಚರಿತ್ರೆಯಲ್ಲಿ ಭಾರತದ ಹೆಸರೊಂದು ಶಾಶ್ವತವಾಗಿ ಸೇರಿಕೊಂಡಿದೆ. 19ನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸೇನೆ .303 ಅಳತೆಯ ಹೊಸ ರೈಫಲ್‌ಗೆ ಬದಲಾಯಿತು. ಅದರ ಗುಂಡಿಗೆ ಪೂರ್ತಿಯಾಗಿ ಗಟ್ಟಿ ಲೋಹದ ಹೊದಿಕೆಯಿತ್ತು. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ, ಈ ಗುಂಡು ಎದುರಾಳಿಯ ದೇಹವನ್ನು ಸೂಜಿಯಂತೆ ಹಾದು ಹೋಗುತ್ತದೆಯೇ ಹೊರತು ಅವನನ್ನು ನಿಲ್ಲಿಸುವುದಿಲ್ಲ ಎಂಬ ದೂರು ಕೇಳಿಬಂತು. ಕಲ್ಕತ್ತೆಯ ಬಳಿಯ ಡಂ ಡಂ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ನೆವಿಲ್ ಬರ್ಟಿ-ಕ್ಲೇ ಗುಂಡಿನ ತುದಿಯ ಹೊದಿಕೆಯನ್ನು ತೆಗೆದು ಒಳಗಿನ ಸೀಸ ಕಾಣುವಂತೆ ಮಾಡಿದರು. ತಾಗಿದೊಡನೆ ಸೀಸ ಚಪ್ಪಟೆಯಾಗಿ ಹರಡಿ ಗಾಯವನ್ನು ಹಲವು ಪಟ್ಟು ದೊಡ್ಡದು ಮಾಡುತ್ತಿತ್ತು. 1899ರ ಜುಲೈ 29ರ ಹೇಗ್ ಘೋಷಣೆ ಇಂತಹ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ‘ಡಂಡಂ ಗುಂಡು’ ಎಂಬ ಹೆಸರು ಮಾತ್ರ ಉಳಿದುಕೊಂಡಿತು.

ಬೇಟೆಯ ಕಾನೂನು ಇದರ ಎದುರು ದಿಕ್ಕಿನಲ್ಲಿ ಸಾಗಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1991ರ ಜಿಂಕೆ ಕಾಯ್ದೆಯ ಪ್ರಕಾರ, ರೈಫಲ್‌ನಿಂದ ಜಿಂಕೆ ಹೊಡೆಯುವವರು ಮೃದು ಮೂತಿಯ ಅಥವಾ ಟೊಳ್ಳು ಮೂತಿಯ ಗುಂಡನ್ನೇ ಬಳಸಬೇಕು, ರೈಫಲ್‌ನ ಅಳತೆ ಹೆಚ್ಚಿನ ಜಿಂಕೆ ಜಾತಿಗಳಿಗೆ .240 ಅಂಗುಲಕ್ಕಿಂತ ಕಡಿಮೆ ಇರಬಾರದು. ಅಮೆರಿಕದ ಹಲವು ರಾಜ್ಯಗಳಲ್ಲಿ ಪೂರ್ತಿ ಹೊದಿಕೆಯ ಸೈನಿಕ ಗುಂಡಿನಿಂದ ಜಿಂಕೆ ಬೇಟೆಯಾಡುವುದು ನಿಷಿದ್ಧ. ಬೇಗ ಸಾಯಿಸುವುದೇ ಇಲ್ಲಿ ಕರುಣೆ ಎಂಬುದು ಆ ಕಾನೂನುಗಳ ನಿಲುವು.

ಗುಂಡು ಕೊಲ್ಲುವ ಬಗೆ

ತೋಟಾ ಪೆಟ್ಟಿಗೆಗಳ ಮೇಲೆ ಗುಂಡಿನ ವೇಗ ಹಾಗೂ ಶಕ್ತಿಯ ಅಂಕಿಗಳನ್ನು ಮುದ್ರಿಸಿರುತ್ತಾರೆ. 1906ರಲ್ಲಿ ಬಂದು ಇಂದಿಗೂ ಅಮೆರಿಕದಲ್ಲಿ ಬಳಕೆಯಲ್ಲಿರುವ .30-06 ತೋಟಾವನ್ನೇ ತೆಗೆದುಕೊಳ್ಳಬಹುದು. ಅದರ 150 ಗ್ರೇನ್, ಅಂದರೆ ಸುಮಾರು 9.7 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 885 ಮೀಟರ್ ವೇಗದಲ್ಲಿ ನಳಿಗೆಯನ್ನು ಬಿಡುತ್ತದೆ. ಆಗ ಅದರ ಶಕ್ತಿ ಸುಮಾರು 3,800 ಜೂಲ್. ಆದರೆ ಈ ಅಂಕಿ ಪ್ರಾಣಿಯನ್ನು ಕೊಲ್ಲುವುದಿಲ್ಲ. ಅದೇ ಶಕ್ತಿಯ ಗಟ್ಟಿ ಗುಂಡು ದೇಹವನ್ನು ಹಾದು ಹೊರಬಿದ್ದರೆ ಶಕ್ತಿಯ ಬಹುಪಾಲು ಅದರ ಜೊತೆಗೇ ಹೊರಟುಹೋಗುತ್ತದೆ. ತೀರಾ ಮೃದುವಾದ ಗುಂಡು ಚರ್ಮದ ಕೆಳಗೇ ಒಡೆದರೆ ಮಾಂಸಖಂಡವಷ್ಟೇ ಛಿದ್ರವಾಗಿ, ಹೃದಯ ಮತ್ತು ಶ್ವಾಸಕೋಶಗಳು ಹಾಗೆಯೇ ಉಳಿಯುತ್ತವೆ.

ಮಿದುಳು ಅಥವಾ ಬೆನ್ನುಹುರಿಗೆ ಏಟು ಬಿದ್ದರೆ ಪ್ರಾಣಿ ನಿಂತಲ್ಲೇ ಕುಸಿಯುತ್ತದೆ. ಉಳಿದಂತೆ ಸಾವು ಬರುವುದು ರಕ್ತಸ್ರಾವದಿಂದ. ಎರಡೂ ಶ್ವಾಸಕೋಶಗಳು ಹರಿದ ಜಿಂಕೆಯೂ ಮಿದುಳಿನಲ್ಲಿ ಉಳಿದ ಆಮ್ಲಜನಕದ ಬಲದಿಂದ ಕೆಲವು ಸೆಕೆಂಡು ಓಡಬಲ್ಲದು. ಹೀಗಾಗಿ ಬೇಟೆಯ ಗುಂಡಿನಿಂದ ಎರಡು ಕೆಲಸಗಳನ್ನು ನಿರೀಕ್ಷಿಸಲಾಗುತ್ತದೆ. ಮೊದಲನೆಯದು, ಸಾಕಷ್ಟು ಆಳಕ್ಕೆ ಇಳಿಯುವುದು. ಎರಡನೆಯದು, ಇಳಿಯುವಾಗ ಅರಳಿ ಅಗಲವಾದ ಗಾಯ ಮಾಡುವುದು. ಈ ಎರಡು ಗುಣಗಳು ಒಂದಕ್ಕೊಂದು ಎದುರಾಳಿಗಳು. ಹೆಚ್ಚು ಅರಳಿದ ಗುಂಡಿಗೆ ಹೆಚ್ಚು ತಡೆ ಎದುರಾಗಿ ಅದು ಬೇಗ ನಿಲ್ಲುತ್ತದೆ. ಅರಳದ ಗುಂಡು ಆಳಕ್ಕೆ ಹೋದರೂ ಕಿರಿದಾದ ತೂತನ್ನಷ್ಟೇ ಬಿಡುತ್ತದೆ. ಗುಂಡು ತಯಾರಕರ ನೂರಿಪ್ಪತ್ತು ವರ್ಷಗಳ ಪ್ರಯತ್ನವೆಲ್ಲ ಈ ಎರಡರ ನಡುವಿನ ಹದ ಹುಡುಕುವುದರಲ್ಲೇ ಕಳೆದಿದೆ.

ಎರಡು ಪ್ರಾಣಿ, ಎರಡು ದೇಹ

ಅಮೆರಿಕದಲ್ಲಿ ಅತಿ ಹೆಚ್ಚು ಬೇಟೆಗೊಳಗಾಗುವ ದೊಡ್ಡ ಪ್ರಾಣಿ ಬಿಳಿಬಾಲದ ಜಿಂಕೆ. ಅದರ ಚರ್ಮ ತೆಳು, ಪಕ್ಕೆಲುಬುಗಳು ಹಗುರ. ಪಕ್ಕದಿಂದ ನೋಡಿದರೆ ಎದೆಯ ಅಗಲ ಒಂದು ಅಡಿಗಿಂತ ತುಸು ಹೆಚ್ಚು. ಮುಂಗಾಲಿನ ಹಿಂಬದಿಗೆ ಗುರಿಯಿಟ್ಟರೆ ಗುಂಡು ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಇಲ್ಲಿ ಬೇಗ ಅರಳುವ ಮೃದು ಗುಂಡೇ ಸಾಕು. ಗುಂಡು ಅತಿ ಗಟ್ಟಿಯಾಗಿದ್ದರೆ ಅರಳಲು ಬೇಕಾದ ತಡೆಯೇ ಸಿಗದೆ ಎದೆಯನ್ನು ಹಾದು ಹೋಗುವ ಅಪಾಯವುಂಟು.

ಹಂದಿಯ ಕತೆ ಬೇರೆ. ಸ್ಪೇನಿನ ಹೆರ್ನಾಂಡೊ ಡಿ ಸೋಟೊ 1539ರಲ್ಲಿ ಫ್ಲಾರಿಡಾಕ್ಕೆ ಆಹಾರಕ್ಕೆಂದು ತಂದ ಹಂದಿಗಳಿಂದ ಮೊದಲುಗೊಂಡು, ತಪ್ಪಿಸಿಕೊಂಡು ಕಾಡುಬಿದ್ದ ಊರಹಂದಿಗಳು ಹಾಗೂ ಆಮೇಲೆ ಬೇಟೆಗೆಂದು ತಂದುಬಿಟ್ಟ ಯುರೋಪಿನ ಕಾಡುಹಂದಿಗಳು ಬೆರೆತು ಇಂದಿನ ಸಂತತಿ ಬೆಳೆದಿದೆ. ಅಮೆರಿಕದ ಕೃಷಿ ಇಲಾಖೆಯ ಅಂದಾಜಿನ ಪ್ರಕಾರ ಇವುಗಳ ಸಂಖ್ಯೆ 60 ಲಕ್ಷಕ್ಕೂ ಹೆಚ್ಚು. ಸುಮಾರು 35 ರಾಜ್ಯಗಳಿಗೆ ಇವು ಹಬ್ಬಿವೆ. ಟೆಕ್ಸಸ್‌ನಲ್ಲಿ ಭೂಮಾಲೀಕರ ಒಪ್ಪಿಗೆಯಿದ್ದರೆ ಖಾಸಗಿ ಜಮೀನಿನಲ್ಲಿ ಹಂದಿ ಹೊಡೆಯಲು 2019ರ ಸೆಪ್ಟೆಂಬರ್‌ನಿಂದ ಬೇಟೆಯ ಪರವಾನಗಿಯೂ ಬೇಕಿಲ್ಲ.

ವಯಸ್ಸಾದ ಗಂಡು ಹಂದಿಯ ಹೆಗಲ ಮೇಲೆ ದಪ್ಪನೆಯ, ಮೃದ್ವಸ್ಥಿಯಂತೆ ಗಡುಸಾದ ಪದರವೊಂದು ಬೆಳೆಯುತ್ತದೆ. ಇತರ ಗಂಡುಗಳ ಕೋರೆಹಲ್ಲಿನ ಇರಿತವನ್ನು ತಡೆಯಲು ಪ್ರಕೃತಿ ಕೊಟ್ಟ ಗುರಾಣಿ ಅದು. ಅದರ ಮೇಲೆ ಒಣಗಿದ ಕೆಸರು, ಕೆಳಗೆ ಕೊಬ್ಬು. ಹೃದಯ ಮತ್ತು ಶ್ವಾಸಕೋಶಗಳು ಜಿಂಕೆಗಿಂತ ಮುಂದಕ್ಕೆ ಮತ್ತು ಕೆಳಕ್ಕೆ ಇವೆ. ಜಿಂಕೆಗೆ ಗುರಿಯಿಡುವ ಅಭ್ಯಾಸದಿಂದ ಮುಂಗಾಲಿನ ಹಿಂಬದಿಗೆ ಹೊಡೆದರೆ ಗುಂಡು ಯಕೃತ್ತಿಗೋ ಹೊಟ್ಟೆಗೋ ತಾಗುವ ಸಾಧ್ಯತೆಯೇ ಹೆಚ್ಚು. ಸರಿಯಾದ ಗುರಿಯೆಂದರೆ ಹೆಗಲು. ಅಂದರೆ ಗುರಾಣಿಯನ್ನು ಭೇದಿಸಿಯೇ ಒಳಹೋಗಬೇಕು. ಜೊತೆಗೆ ಕೊಬ್ಬು ಹಾಗೂ ಒತ್ತಾದ ಕೂದಲು ಗಾಯದ ಬಾಯನ್ನು ಮುಚ್ಚುವುದರಿಂದ ನೆಲದ ಮೇಲೆ ರಕ್ತದ ಜಾಡು ಕಡಿಮೆ. ಗುಂಡು ಇನ್ನೊಂದು ಬದಿಯಿಂದ ಹೊರಬಿದ್ದರೆ ಮಾತ್ರ ಜಾಡು ಹಿಡಿಯುವುದು ಸುಲಭ.

ಸುಮಾರು 3.6 ಗ್ರಾಂ ತೂಕದ, ಸೆಕೆಂಡಿಗೆ 980 ಮೀಟರ್ ಮೀರಿದ ವೇಗದ .223 ಗುಂಡು ಕಾಗದದ ಮೇಲೆ ಆಕರ್ಷಕವಾಗಿ ಕಾಣುತ್ತದೆ. ಸಣ್ಣ ಪ್ರಾಣಿಗಳಿಗೆಂದು ತೆಳು ಹೊದಿಕೆಯಲ್ಲಿ ಮಾಡಿದ ಅದೇ ಗುಂಡು ದೊಡ್ಡ ಹಂದಿಯ ಗುರಾಣಿಯ ಮೇಲೆ ಪುಡಿಯಾಗಬಹುದು. ಜಿಂಕೆಗೆ ಉತ್ತಮವೆನಿಸಿದ್ದು ಹಂದಿಗೂ ಉತ್ತಮವಾಗಬೇಕಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಗುಂಡಿನ ರಚನೆಯ ಬೆಳವಣಿಗೆ

1946ರಲ್ಲಿ ಜಾನ್ ನಾಸ್ಲರ್ ಎಂಬ ಅಮೆರಿಕನ್ ಬೇಟೆಗಾರ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಭಾರೀ ಸಾರಂಗಕ್ಕೆ ಗುಂಡು ಹೊಡೆದರು. ಕೆಸರು ಮೆತ್ತಿದ ದಪ್ಪ ಚರ್ಮದ ಮೇಲೆಯೇ ಗುಂಡುಗಳು ಅರಳಿ ಒಳಕ್ಕಿಳಿಯದೆ ಹೋದವು. ಈ ವೈಫಲ್ಯದಿಂದ ಹುಟ್ಟಿದ್ದು ‘ಪಾರ್ಟಿಷನ್’ ಗುಂಡು. ಅದರ ನಡುವೆ ತಾಮ್ರ ಲೋಹದ ಗೋಡೆಯೊಂದಿದ್ದು, ಮುಂದಿನ ಸೀಸ ಅರಳಿ ಹರಡಿದರೂ ಗೋಡೆಯ ಹಿಂದಿನ ಸೀಸ ಹಾಗೆಯೇ ಉಳಿದು ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಮುಂದೆ ಹೊದಿಕೆ ಮತ್ತು ಸೀಸದ ತಿರುಳನ್ನು ಬೇರ್ಪಡದಂತೆ ಬೆಸೆದ ಗುಂಡುಗಳು ಬಂದವು.

ಬಾರ್ನ್ಸ್ ಸಂಸ್ಥೆಯ ರ‍್ಯಾಂಡಿ ಬ್ರೂಕ್ಸ್ ಸೀಸವನ್ನೇ ಕೈಬಿಟ್ಟು ಪೂರ್ತಿ ತಾಮ್ರದ ‘ಎಕ್ಸ್’ ಗುಂಡನ್ನು ರೂಪಿಸಿದರು. ಅದು 1989ರಲ್ಲಿ ಮಾರುಕಟ್ಟೆಗೆ ಬಂತು. ಮೂತಿಯ ಟೊಳ್ಳು ತಾಗಿದೊಡನೆ ತೆರೆದು, ದಳಗಳಂತೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಗುಂಡಿನ ತೂಕ ಬಹುತೇಕ ಹಾಗೆಯೇ ಉಳಿಯುತ್ತದೆ. ಆದರೆ ತಾಮ್ರ ಸೀಸಕ್ಕಿಂತ ಹಗುರ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು 8.9 ಗ್ರಾಂ. ಅಷ್ಟೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗುತ್ತದೆ. ತಾಮ್ರ ಗಡುಸಾದ್ದರಿಂದ ಅರಳಲು ಹೆಚ್ಚಿನ ವೇಗವೂ ಬೇಕು. ದೂರ ಹೆಚ್ಚಿದಂತೆ ವೇಗ ಕುಗ್ಗುವುದರಿಂದ, ತಾಮ್ರದ ಗುಂಡು ಬಳಸುವವರು ದೂರದ ಹೊಡೆತಕ್ಕೆ ಮಿತಿ ಹಾಕಿಕೊಳ್ಳಬೇಕಾಗುತ್ತದೆ.

ಜೆಲಾಟಿನ್ ಹೇಳುವುದು, ಹೇಳದಿರುವುದು

ಗುಂಡಿನ ಪರೀಕ್ಷೆಗೆ ಜೆಲಾಟಿನ್ ಗಟ್ಟಿಗಳನ್ನು ಬಳಸುವುದು ವಾಡಿಕೆ. ಅಮೆರಿಕದ ಸೇನಾ ವೈದ್ಯ ಮಾರ್ಟಿನ್ ಫ್ಯಾಕ್ಲರ್ 1980ರ ದಶಕದಲ್ಲಿ ಈ ವಿಧಾನಕ್ಕೆ ಶಿಸ್ತು ತಂದರು. ಶೇ. 10ರ ಜೆಲಾಟಿನ್ ಅನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಮೊದಲು 4.5 ಮಿ.ಮೀ. ಉಕ್ಕಿನ ಗೋಲಿಯನ್ನು ಸೆಕೆಂಡಿಗೆ ಸುಮಾರು 180 ಮೀಟರ್ ವೇಗದಲ್ಲಿ ಹಾರಿಸುತ್ತಾರೆ. ಗೋಲಿ ಸುಮಾರು 8.5 ಸೆಂ.ಮೀ. ಆಳದಲ್ಲಿ ನಿಂತರೆ ಗಟ್ಟಿ ಪರೀಕ್ಷೆಗೆ ಯೋಗ್ಯ. ಬಳಿಕ ಗುಂಡು ಹಾರಿಸಿ ನಾಲ್ಕು ಅಂಶಗಳನ್ನು ಗುರುತಿಸುತ್ತಾರೆ: ಇಳಿದ ಆಳ, ಅರಳಿದ ಅಗಲ, ಉಳಿದ ತೂಕ ಮತ್ತು ಗಾಯದ ಆಕಾರ.

ಒಂದು ಗುಂಡನ್ನು ಇನ್ನೊಂದರೊಡನೆ ಹೋಲಿಸಲು ಈ ವಿಧಾನ ಉಪಯುಕ್ತ. ಆದರೆ ಜೆಲಾಟಿನ್‌ಗೆ ಚರ್ಮವಿಲ್ಲ, ಮೂಳೆಯಿಲ್ಲ, ಹಂದಿಯ ಗುರಾಣಿಯಿಲ್ಲ. ಅದು ಕಂಡು ಬೆದರುವುದಿಲ್ಲ, ಓಡುವುದೂ ಇಲ್ಲ.

ಬೇಟೆಗಾರರು ನೆಚ್ಚುವ ಇನ್ನೊಂದು ಸಾಕ್ಷ್ಯವೆಂದರೆ ಸತ್ತ ಪ್ರಾಣಿಯ ದೇಹದಿಂದ ಹೊರತೆಗೆದ ಗುಂಡು. ಅಂದವಾಗಿ ಅರಳಿದ ಗುಂಡನ್ನು ಅಂಗೈಯಲ್ಲಿಟ್ಟು ತೋರಿಸುವುದು ಅವರಿಗೆ ಹೆಮ್ಮೆಯ ವಿಷಯ. ಈ ಸಾಕ್ಷ್ಯದಲ್ಲಿ ದೊಡ್ಡ ಲೋಪವೊಂದಿದೆ. ದೇಹವನ್ನು ಹಾದು ಹೊರಬಿದ್ದ ಗುಂಡುಗಳು ಕೈಗೆ ಸಿಗುವುದೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಗುಂಡು ವಿಫಲವಾಗಿ ತಪ್ಪಿಸಿಕೊಂಡ ಪ್ರಾಣಿಯೂ ಸಿಗುವುದಿಲ್ಲ. ಸಿಕ್ಕಿದ ಪ್ರಾಣಿಗಳನ್ನಷ್ಟೇ ಎಣಿಸಿದರೆ ಎಲ್ಲ ಗುಂಡುಗಳೂ ಒಳ್ಳೆಯವಾಗಿಯೇ ಕಾಣುತ್ತವೆ.

ನಾಯಿಗಳು ಬಿಡಿಸಿದ ಲೆಕ್ಕ

ಈ ಲೋಪವನ್ನು ತುಂಬಲು ನಡೆದ ಪ್ರಯತ್ನಗಳಲ್ಲಿ ದಕ್ಷಿಣ ಕೆರೊಲಿನಾ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಅಧ್ಯಯನ ಹೆಸರುವಾಸಿ. ಬೇಟೆ ಕ್ಲಬ್ ಒಂದರಲ್ಲಿ ಗುಂಡೇಟು ತಿಂದ 493 ಬಿಳಿಬಾಲದ ಜಿಂಕೆಗಳ ಮಾಹಿತಿಯನ್ನು ಇಲಾಖೆ ಕಲೆಹಾಕಿತು. ಜಾಡು ಹಿಡಿಯಲು ತರಬೇತಾದ ನಾಯಿಗಳಿದ್ದುದರಿಂದ, ರಕ್ತದ ಗುರುತೇ ಬಿಡದೆ ಓಡಿದ ಜಿಂಕೆಗಳೂ ಲೆಕ್ಕಕ್ಕೆ ಸಿಕ್ಕವು.

ಹೆಗಲಿಗೆ ಏಟು ಬಿದ್ದ ಜಿಂಕೆಗಳು ಸರಾಸರಿ 3 ಮೀಟರ್‌ನಷ್ಟೇ ಸಾಗಿದ್ದವು. ಹೃದಯಕ್ಕೆ ತಾಗಿದವು ಸುಮಾರು 36 ಮೀಟರ್, ಶ್ವಾಸಕೋಶಕ್ಕೆ ತಾಗಿದವು ಸುಮಾರು 46 ಮೀಟರ್, ಹೊಟ್ಟೆಗೆ ತಾಗಿದವು ಸುಮಾರು 63 ಮೀಟರ್ ಓಡಿದ್ದವು. ಬಂದೂಕಿನ ಅಳತೆ ಹಿರಿದೋ ಕಿರಿದೋ ಎಂಬುದರಿಂದ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಜಿಂಕೆಯ ಮಟ್ಟಿಗೆ ಗಟ್ಟಿ ಗುಂಡಿಗಿಂತ ಬೇಗ ಅರಳುವ ಮೃದು ಗುಂಡು ಮೇಲೆನಿಸಿತು. ಪೆಟ್ಟಿಗೆಯ ಮೇಲಿನ ಜೂಲ್‌ಗಳಿಗಿಂತ, ಗುಂಡು ಎಲ್ಲಿ ತಾಗಿತು ಮತ್ತು ತಾಗಿದಾಗ ಹೇಗೆ ವರ್ತಿಸಿತು ಎಂಬುದೇ ಫಲಿತಾಂಶವನ್ನು ನಿರ್ಧರಿಸಿತ್ತು.

ಡೆನ್ಮಾರ್ಕಿನಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೂ ಏಟು ತಿಂದ ಮೇಲೆ ಪ್ರಾಣಿ ಓಡಿದ ದೂರವನ್ನೇ ಅಳತೆಗೋಲಾಗಿ ಇಟ್ಟುಕೊಂಡಿತು. ಸೀಸದ ಗುಂಡಿಗೂ ಸೀಸರಹಿತ ಗುಂಡಿಗೂ ಪ್ರಾಯೋಗಿಕವಾಗಿ ಮಹತ್ವದ ವ್ಯತ್ಯಾಸ ಅದಕ್ಕೆ ಕಾಣಲಿಲ್ಲ. ಆ ದೇಶ 2024ರ ಏಪ್ರಿಲ್‌ನಿಂದ ರೈಫಲ್ ಬೇಟೆಯಲ್ಲಿ ಸೀಸವನ್ನು ನಿಷೇಧಿಸಿದೆ.

ತಟ್ಟೆಗೆ ಬಂದ ಸೀಸ

ಗುಂಡು ಅರಳುವಾಗ ಉದುರುವ ಸೀಸದ ಚೂರುಗಳು ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆ ಬಹುಕಾಲ ಯಾರನ್ನೂ ಕಾಡಿರಲಿಲ್ಲ. 2008ರಲ್ಲಿ ಉತ್ತರ ಡಕೋಟ ರಾಜ್ಯದಲ್ಲಿ, ಬಡವರಿಗೆ ಹಂಚಲೆಂದು ಬೇಟೆಗಾರರು ದಾನ ಮಾಡಿದ ಜಿಂಕೆ ಮಾಂಸದಲ್ಲಿ ಸೀಸದ ಚೂರುಗಳು ಪತ್ತೆಯಾದಾಗ ವಿಷಯ ಸಾರ್ವಜನಿಕವಾಯಿತು. ಅಲ್ಲಿನ 736 ಮಂದಿಯ ರಕ್ತ ಪರೀಕ್ಷಿಸಿದಾಗ, ಬೇಟೆಯ ಮಾಂಸ ತಿನ್ನುವವರಲ್ಲಿ ಸೀಸದ ಪ್ರಮಾಣ ತಿನ್ನದವರಿಗಿಂತ ಡೆಸಿಲೀಟರಿಗೆ ಸರಾಸರಿ 0.3 ಮೈಕ್ರೋಗ್ರಾಂ ಹೆಚ್ಚಿತ್ತು. ಈ ಹೆಚ್ಚಳ ಚಿಕ್ಕದು. ಆದರೆ ಸೀಸದ ಯಾವ ಪ್ರಮಾಣವನ್ನೂ ಸುರಕ್ಷಿತವೆನ್ನಲಾಗದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು.

ಅದೇ ವರ್ಷ ಮಿನ್ನೆಸೋಟ ರಾಜ್ಯದ ಇಲಾಖೆ ಸತ್ತ ಕುರಿಗಳ ದೇಹಕ್ಕೆ ಬಗೆಬಗೆಯ ಗುಂಡು ಹಾರಿಸಿ ಎಕ್ಸ್-ರೇ ತೆಗೆಯಿತು. ಬೇಗ ಅರಳುವ ಸೀಸದ ಗುಂಡುಗಳು ಒಂದು ದೇಹದಲ್ಲಿ ಸರಾಸರಿ 141 ಚೂರುಗಳನ್ನು ಬಿಟ್ಟಿದ್ದವು. ತಾಮ್ರದ ಗುಂಡುಗಳು ಬಿಟ್ಟಿದ್ದು ಸರಾಸರಿ ಎರಡು. ಸೀಸದ ಚೂರುಗಳು ಗಾಯದಿಂದ ಸುಮಾರು ಒಂದು ಅಡಿ ದೂರದವರೆಗೂ ಹರಡಿದ್ದವು. ಗಾಯದ ಸುತ್ತಲಿನ ಮಾಂಸ ಕತ್ತರಿಸಿ ಎಸೆದರೆ ಸಾಕೆಂಬ ನಂಬಿಕೆ ಇದರಿಂದ ಸಡಿಲವಾಯಿತು.

2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಒಂದು ಹೆಜ್ಜೆ ಮುಂದೆ ಹೋಯಿತು. ಸೀಸದ ಗುಂಡಿನಿಂದ ಕೊಂದ 30 ಜಿಂಕೆಗಳನ್ನು ಪರೀಕ್ಷಿಸಿದಾಗ ಎಲ್ಲದರಲ್ಲೂ ಚೂರುಗಳು ಕಂಡುಬಂದವು. ಈ ಪೈಕಿ 24 ಜಿಂಕೆಗಳ ಕೊಚ್ಚಿದ ಮಾಂಸದಲ್ಲೂ ಚೂರುಗಳಿದ್ದವು. ಚೂರುಗಳಿದ್ದ ಮಾಂಸವನ್ನು ನಾಲ್ಕು ಹಂದಿಗಳಿಗೆ ತಿನ್ನಿಸಿದಾಗ ಅವುಗಳ ರಕ್ತದಲ್ಲಿ ಸೀಸದ ಪ್ರಮಾಣ ಡೆಸಿಲೀಟರಿಗೆ 2.29 ಮೈಕ್ರೋಗ್ರಾಂಗೆ ಏರಿತು. ಚೂರಿಲ್ಲದ ಮಾಂಸ ತಿಂದ ಹಂದಿಗಳಲ್ಲಿ ಅದು 0.63 ಇತ್ತು. ಮಾಂಸದಲ್ಲಿದ್ದ ಲೋಹ ಜೀರ್ಣಾಂಗದಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ ಎಂಬುದಕ್ಕೆ ಇದು ನೇರ ಪುರಾವೆ.

ಬೇಟೆಗಾರರು ಕಾಡಿನಲ್ಲೇ ಬಿಟ್ಟುಹೋದ ಕರುಳು, ಅವಶೇಷಗಳನ್ನು ತಿಂದ ಹದ್ದುಗಳೂ ಬಲಿಯಾದವು. ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದಿನ ಸಂಖ್ಯೆ 1987ರ ವೇಳೆಗೆ 27ಕ್ಕೆ ಇಳಿದು, ಎಲ್ಲವನ್ನೂ ಹಿಡಿದು ಸಂರಕ್ಷಣಾ ಕೇಂದ್ರಗಳಿಗೆ ಒಯ್ಯಬೇಕಾಯಿತು. ಮರಳಿ ಕಾಡಿಗೆ ಬಿಟ್ಟ ಹಕ್ಕಿಗಳ ಸಾವಿಗೆ ಸೀಸದ ವಿಷವೇ ಪ್ರಮುಖ ಕಾರಣ. 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ವನ್ಯಪ್ರಾಣಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ.

ಜಿಂಕೆಯನ್ನು ಬೇಗ ಕೆಡವುವ ಮೃದು ಸೀಸದ ಗುಂಡೇ ಮಾಂಸದಲ್ಲಿ ಅತಿ ಹೆಚ್ಚು ಚೂರು ಬಿಡುವ ಗುಂಡೂ ಹೌದು. ಒಂದು ಅಳತೆಗೋಲಿನಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲುತ್ತದೆ. ಸರಿಯಾದ ದೂರದಿಂದ ಹಾರಿಸಿದ ತಾಮ್ರದ ಗುಂಡು ಹಂದಿಯ ಗುರಾಣಿಯನ್ನೂ ಭೇದಿಸಿ, ಮಾಂಸವನ್ನೂ ಕೆಡಿಸದೆ ಉಳಿಸುವುದರಿಂದ ಈ ಇಕ್ಕಟ್ಟಿನಿಂದ ಹೊರಬರುವ ದಾರಿಯಾಗಿ ಕಾಣುತ್ತಿದೆ.

ನಮ್ಮಲ್ಲಿ

ಕರ್ನಾಟಕದ ಓದುಗರಿಗೆ ಕೋವಿ ಎಂದೊಡನೆ ನೆನಪಾಗುವುದು ಕೊಡಗು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಇದು ಕೋವಿ ಇಟ್ಟುಕೊಳ್ಳಲು ನೀಡಿದ ವಿನಾಯಿತಿ, ಬೇಟೆಗಲ್ಲ.

ಬೆಳೆ ರಕ್ಷಣೆಯ ಪ್ರಶ್ನೆ ಬೇರೆ. ವನ್ಯಜೀವಿ ಕಾಯ್ದೆಯ 62ನೇ ಸೆಕ್ಷನ್ ಅಡಿ ಕೇಂದ್ರವು ಪ್ರಾಣಿಯೊಂದನ್ನು ನಿಗದಿತ ಪ್ರದೇಶ ಹಾಗೂ ಅವಧಿಗೆ ‘ಪೀಡಕ’ವೆಂದು ಘೋಷಿಸಬಹುದು. 2015ರ ಡಿಸೆಂಬರ್‌ನಲ್ಲಿ ಬಿಹಾರದಲ್ಲೂ 2016ರ ಫೆಬ್ರುವರಿಯಲ್ಲಿ ಉತ್ತರಾಖಂಡದಲ್ಲೂ ಕೆಲವು ಜಿಲ್ಲೆಗಳಲ್ಲಿ ಕಾಡುಹಂದಿಗೆ ಇದು ಅನ್ವಯವಾಯಿತು. ಕೇರಳ ಸರ್ಕಾರ 2022ರ ಮೇ ತಿಂಗಳಲ್ಲಿ, ಕಾಡುಹಂದಿ ಹೊಡೆಯಲು ಅನುಮತಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ನೀಡಿತು. ವಿಷ, ಸ್ಫೋಟಕ ಹಾಗೂ ವಿದ್ಯುತ್ ಬಳಸಿ ಕೊಲ್ಲುವಂತಿಲ್ಲ ಎಂಬುದು ಅದರ ಷರತ್ತು.

ಈ ಷರತ್ತಿನ ಹಿಂದಿರುವುದು ಪ್ರಾಣಿ ನರಳಬಾರದೆಂಬ ಆಶಯವಾದರೆ, ಅದು ಬಂದೂಕಿಗೂ ಅನ್ವಯಿಸಬೇಕಾಗುತ್ತದೆ. ಹಗುರ ಗುಂಡು ಅಥವಾ ಚರೆ ತಿಂದು ಹೆಗಲು ಮುರಿದುಕೊಂಡ ಹಂದಿ ಕಾಫಿ ತೋಟದೊಳಗೆ ನುಗ್ಗಿದರೆ, ಮರುದಿನ ಅಲ್ಲಿಗೆ ಕೆಲಸಕ್ಕೆ ಬರುವವರಿಗೂ ಅದು ಅಪಾಯ. ಯಾರು ಹೊಡೆಯಬಹುದು ಎಂಬುದನ್ನು ಆದೇಶಗಳು ನಿರ್ಧರಿಸುತ್ತವೆ. ಯಾವ ಗುಂಡಿನಿಂದ, ಎಷ್ಟು ದೂರದಿಂದ, ತಪ್ಪಿಸಿಕೊಂಡದ್ದನ್ನು ಹುಡುಕುವ ಹೊಣೆ ಯಾರದು ಎಂಬ ಪ್ರಶ್ನೆಗಳಿಗೂ ಅಷ್ಟೇ ಸ್ಪಷ್ಟ ಉತ್ತರ ಬೇಕು. ಕೆಡವಿದ ಪ್ರಾಣಿಗಳ ಪಟ್ಟಿಯ ಪಕ್ಕದಲ್ಲಿ ಏಟು ತಿಂದು ಕಾಣೆಯಾದವುಗಳ ಪಟ್ಟಿಯೂ ಇದ್ದಾಗ ಮಾತ್ರ ಗುಂಡಿನ ಲೆಕ್ಕ ಪೂರ್ತಿಯಾಗುತ್ತದೆ.